ಬಿಡುವಿನ ಗಂಟೆ



ಕಳೆದ ತಿಂಗಳು ನಮಗೆ ತಲಪಿದ ಕಾಗದಗಳಲ್ಲಿ ಒಂದನ್ನು ಉಳಿದವುಗಳ ಜೊತೆಗೆ ಕಟ್ಟಿಡಲು ಮನಸ್ಸಾಗದೆ ಮೇಜಿನ ಮೇಲೆಯೇ ಇರಿಸಿಕೊಂಡಿದ್ದೇವೆ. ಬರೆದವರು ಒಬ್ಬ ತಾಯಿ. ಅವರ ಮಗನಿಗೆ ಎಂಟು ವರುಷ. ಮೂರನೆಯ ತರಗತಿಯಲ್ಲಿ ಓದುತ್ತಿರುವನು. ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಲಾರದ ಮಕ್ಕಳನ್ನು ಆಟದ ಬಿಡುವಿನಲ್ಲಿ ಹೊರಗೆ ಬಿಡದೆ, ಕೊಠಡಿಯಲ್ಲಿಯೇ ಕೂರಿಸಿ ಬರೆಯಿಸುವುದು ಆ ಶಾಲೆಯ ಪದ್ಧತಿಯಂತೆ. ಹೀಗಾಗಿ ಎರಡು ವಾರಗಳಿಂದ ಆ ಹುಡುಗನು ಶಾಲೆಯ ಬಯಲಿಗೆ ಕಾಲಿಟ್ಟಿಲ್ಲ. “ಏಳರ ಮಗ್ಗಿ ಇನ್ನೂ ಬಂದಿಲ್ಲ, ಶಾಲೆಗೆ ಹೊರಡುವಾಗ ಅಳುವುದು ಮಾತ್ರ ಹೊಸದಾಗಿ ಬಂದಿದೆ. ಉಪಾಧ್ಯಾಯಿನಿಯವರು ಕೆಟ್ಟವರಲ್ಲ, ಹುಡುಗನ ಹಿತಕ್ಕಾಗಿಯೇ ಹೀಗೆ ಮಾಡುತ್ತಿರುವರೆಂದು ನನಗೂ ಗೊತ್ತು. ಅವರಲ್ಲಿಗೆ ಹೋಗಿ ನಾನು ಏನೆಂದು ಹೇಳಲಿ?” ಎಂದು ಆ ತಾಯಿಯವರು ಕೇಳಿರುವರು.

ಪ್ರಶ್ನೆಯು ಚಿಕ್ಕದು, ಆದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಮಕ್ಕಳು ಶಾಲೆಯಲ್ಲಿ ಏನು ಕಲಿತರೆಂದು ಪ್ರತಿದಿನವೂ ವಿಚಾರಿಸುವ ನಾವು, ಅಲ್ಲಿ ಏನು ಆಡಿದರೆಂದು ಕೇಳುವುದು ಅಪರೂಪ. ಪಾಠಕ್ಕೆ ವೇಳಾಪಟ್ಟಿಯುಂಟು, ಪುಸ್ತಕವುಂಟು, ಪರೀಕ್ಷೆಯುಂಟು. ಆಟಕ್ಕೆ ಇರುವುದು ಎರಡು ಗಂಟೆಗಳ ಬಡಿತದ ನಡುವೆ ಉಳಿದ ಹೊತ್ತು ಮಾತ್ರ. ಉಳಿದುದೆಂದು ಭಾವಿಸಿದುದನ್ನು ಬೇಕಾದಾಗ ಕತ್ತರಿಸಬಹುದೆಂದು ಎಲ್ಲರಿಗೂ ತೋರುವುದು ಸಹಜವೇ. ಆದುದರಿಂದ ಈ ತಿಂಗಳು, ಪ್ರಾಥಮಿಕ ಶಾಲೆಗಳ ಆಟದ ಬಿಡುವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ವಿಚಾರಮಾಡೋಣ.

ಹೊಲದ ಬದುವಿನ ಮೇಲೆ ರಾಗಿ ಬೆಳೆಯುವುದಿಲ್ಲ. ಹಾಗೆಂದು ಅದನ್ನು ವ್ಯರ್ಥವಾದ ನೆಲವೆಂದು ಎಣಿಸಿ ಉತ್ತುಬಿಡುವ ರೈತನು ಮೊದಲ ಮಳೆಗೇ ತನ್ನ ತಪ್ಪನ್ನು ಅರಿಯುವನು. ಬದುವಿಲ್ಲದ ಹೊಲದಲ್ಲಿ ನೀರು ನಿಲ್ಲದು, ಮೇಲುಮಣ್ಣೂ ಉಳಿಯದು. ಬಿಡುವಿನ ಹೊತ್ತೂ ಹಾಗೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಂಥೊನಿ ಪೆಲ್ಲೆಗ್ರಿನಿಯವರು 1990ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಪ್ರಾಥಮಿಕ ಶಾಲೆಗಳಲ್ಲಿ ಕುಳಿತು, ಬಿಡುವಿಗೆ ಮೊದಲೂ ಅನಂತರವೂ ಮಕ್ಕಳ ಲಕ್ಷ್ಯವು ಹೇಗಿರುವುದೆಂಬುದನ್ನು ಪರಿಶೀಲಿಸಿದರು. ಬಿಡುವು ತಡವಾದಷ್ಟೂ ಮಕ್ಕಳ ಗಮನವು ಪಾಠದಿಂದ ಜಾರುವುದೆಂದೂ, ಆಡಿ ಬಂದ ಮೇಲೆ ಅದು ಮರಳುವುದೆಂದೂ ಅವರಿಗೆ ಕಂಡುಬಂದಿತು. ಫಿನ್‌ಲೆಂಡ್ ದೇಶದ ಶಾಲೆಗಳಲ್ಲಿ ನಲವತ್ತೈದು ನಿಮಿಷಗಳ ಪಾಠವಾದೊಡನೆ ಹದಿನೈದು ನಿಮಿಷಗಳ ಬಿಡುವನ್ನು ಕೊಡುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಚಳಿಯ ದಿನಗಳಲ್ಲಿಯೂ ಮಕ್ಕಳನ್ನು ಹೊರಕ್ಕೇ ಕಳುಹಿಸುವರು.

ಹೊರಗಿನ ಬೆಳಕಿನಿಂದಾಗುವ ಉಪಕಾರವು ಇನ್ನೊಂದು. ಚಿಕ್ಕ ವಯಸ್ಸಿನಲ್ಲಿಯೇ ಕನ್ನಡಕ ಬರುವುದು ಈಗ ಮನೆಮನೆಯ ಮಾತಾಗಿದೆ. ಹತ್ತಿರದ್ದು ಕಾಣುವುದು, ದೂರದ ಕಪ್ಪುಹಲಗೆ ಮಸುಕಾಗುವುದು, ಇದೇ ಸಮೀಪದೃಷ್ಟಿ. ಚೀನಾದೇಶದ ಗ್ವಾಂಗ್‌ಝೌ ನಗರದಲ್ಲಿ 2010ರಲ್ಲಿ ಹನ್ನೆರಡು ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡು, ಆರು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಪ್ರತಿದಿನವೂ ನಲವತ್ತು ನಿಮಿಷಗಳ ಹೊರಗಿನ ಚಟುವಟಿಕೆಯನ್ನು ಹೆಚ್ಚಾಗಿ ಸೇರಿಸಿದರು. ಉಳಿದ ಆರರಲ್ಲಿ ಮೊದಲಿನಂತೆಯೇ ನಡೆಯಿತು. ಮೂರು ವರುಷಗಳ ಮೇಲೆ ನೋಡಿದಾಗ, ಹಿಂದಿನ ಪದ್ಧತಿಯೇ ಉಳಿದ ಶಾಲೆಗಳಲ್ಲಿ ನೂರಕ್ಕೆ 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿಯು ಬಂದಿದ್ದಿತು. ಹೊರಗೆ ಹೆಚ್ಚು ಕಳೆದ ಮಕ್ಕಳಲ್ಲಿ 30.4ಕ್ಕೆ ಬಂದಿದ್ದಿತು. ಈ ಫಲಿತಾಂಶವು 2015ರಲ್ಲಿ ಪ್ರಕಟವಾಯಿತು. ತೈವಾನಿನಲ್ಲಿ 2010ರಿಂದ, ಮಕ್ಕಳು ದಿನಕ್ಕೆ ಎರಡು ಗಂಟೆಗಳ ಕಾಲ ಹೊರಗಿರಬೇಕೆಂಬ ಕಾರ್ಯಕ್ರಮವನ್ನು ಆರಂಭಿಸಿದರು. ಅದುವರೆಗೆ ವರುಷವರುಷಕ್ಕೆ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣವು 2011ರಲ್ಲಿ ಶೇಕಡಾ 50ನ್ನು ಮುಟ್ಟಿ, 2015ರ ವೇಳೆಗೆ ಸುಮಾರು 46ಕ್ಕೆ ಇಳಿಯಿತು.

ಇದಕ್ಕೆ ಬಿಸಿಲಿನಲ್ಲಿಯೇ ನಿಲ್ಲಬೇಕೆಂದಿಲ್ಲ. ಹಗಲಿನಲ್ಲಿ ಮರದ ನೆರಳಿನ ಬೆಳಕೂ ತರಗತಿಯ ಕೊಠಡಿಯ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚಾಗಿರುವುದು. ಆ ಬೆಳಕು ಕಣ್ಣಿನ ಒಳಪರೆಯ ಮೇಲೆ ಬಿದ್ದಾಗ ಕಣ್ಣುಗುಡ್ಡೆಯು ಮಿತಿಮೀರಿ ಉದ್ದವಾಗಿ ಬೆಳೆಯುವುದು ತಗ್ಗುವುದೆಂದು ನೇತ್ರವೈದ್ಯರು ಅಭಿಪ್ರಾಯಪಡುವರು. ಹೊಂಗೆಯ ನೆರಳಿನಲ್ಲಿ ಕುಂಟಾಬಿಲ್ಲೆ ಆಡುವ ಹುಡುಗಿಯು ತನಗೆ ತಿಳಿಯದೆಯೇ ತನ್ನ ಕಣ್ಣುಗಳಿಗೆ ಕಾಪು ಕಟ್ಟಿಕೊಳ್ಳುತ್ತಿರುವಳು.

ಇನ್ನು ದೇಹದ ಮಾತು. ಐದರಿಂದ ಹದಿನೇಳು ವರುಷದವರೆಗಿನ ಮಕ್ಕಳು ಸರಾಸರಿ ದಿನಕ್ಕೆ ಒಂದು ಗಂಟೆಯಾದರೂ ಉಸಿರು ಬಿರುಸಾಗುವಂತೆ ಓಡಿಯಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಹೇಳಿದೆ. ಊರಿನ ಬೀದಿಗಳು ವಾಹನಗಳ ಪಾಲಾಗಿ, ಸಂಜೆಗಳು ಮನೆಪಾಠದ ಪಾಲಾಗಿ, ಉಳಿದ ಹೊತ್ತು ಕೈಯಲ್ಲಿನ ಪರದೆಯ ಪಾಲಾಗಿರುವ ಈ ಕಾಲದಲ್ಲಿ, ಎಷ್ಟೋ ಮಕ್ಕಳಿಗೆ ಓಡಲು ದೊರೆಯುವ ನೆಲವೆಂದರೆ ಶಾಲೆಯ ಬಯಲೊಂದೇ. ಅದನ್ನೂ ಶಿಕ್ಷೆಯಾಗಿ ಕಿತ್ತುಕೊಂಡರೆ ಆ ಮಗುವಿಗೆ ಆ ದಿನದಲ್ಲಿ ಬೇರೆ ಬಯಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2013ರಲ್ಲಿ, ಶಿಕ್ಷೆಗಾಗಿಯಾಗಲಿ ಪಾಠಕ್ಕಾಗಿಯಾಗಲಿ ಮಕ್ಕಳ ಬಿಡುವನ್ನು ತಡೆಹಿಡಿಯಬಾರದೆಂದು ಸ್ಪಷ್ಟವಾಗಿ ತಿಳಿಸಿತು. ಹೀಗೆ ತಡೆಹಿಡಿಯಲ್ಪಡುವವರು ಯಾರೆಂದು ನೋಡಿದರೆ, ಹೆಚ್ಚಾಗಿ ಒಂದೆಡೆ ಕೂರಲಾರದ ಚುರುಕಿನ ಮಕ್ಕಳು ಮತ್ತು ಪಾಠದಲ್ಲಿ ಹಿಂದೆ ಬಿದ್ದವರು. ಬಿಡುವು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಅದು ತಪ್ಪುವುದು.

ಆದರೆ ಮಕ್ಕಳನ್ನು ಹೊರಕ್ಕೆ ಬಿಟ್ಟಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಕೆಲವು ದಿನಗಳ ಹಿಂದೆ ನಾವು ಒಂದು ಹಿರಿಯ ಪ್ರಾಥಮಿಕ ಶಾಲೆಯ ಜಗಲಿಯಲ್ಲಿ ಮಧ್ಯಾಹ್ನದ ಬಿಡುವು ಪೂರ್ತಿ ಕುಳಿತು ನೋಡಿದೆವು. ಗಂಟೆ ಬಡಿದೊಡನೆ ಮಕ್ಕಳು ತಟ್ಟೆ ಹಿಡಿದು ನಲ್ಲಿಯ ಮುಂದೆ ಸಾಲಾದರು. ಕೈ ತೊಳೆಯುವ ಸಾಲು, ಬಿಸಿಯೂಟದ ಸಾಲು, ತಟ್ಟೆ ತೊಳೆಯುವ ಸಾಲು, ಶೌಚಗೃಹದ ಸಾಲು ಮುಗಿಯುವಷ್ಟರಲ್ಲಿ ಬಿಡುವಿನ ಬಹುಪಾಲು ಕಳೆದಿದ್ದಿತು. ಆಟಕ್ಕೆ ಆತುರಪಟ್ಟ ಕೆಲವು ಚಿಕ್ಕ ಹುಡುಗರು ಅರ್ಧ ಅನ್ನವನ್ನು ಹಾಗೆಯೇ ಬಿಟ್ಟು ಓಡಿದರು. ಬಯಲಿನ ಮುಕ್ಕಾಲು ಭಾಗವನ್ನು ಆರು ಏಳನೆಯ ತರಗತಿಯ ಹುಡುಗರ ಕ್ರಿಕೆಟ್ಟು ಆವರಿಸಿಕೊಂಡಿತು. ಚೆಂಡು ತಗಲೀತೆಂಬ ಭಯದಿಂದ ಚಿಕ್ಕವರು ಗೋಡೆಯಂಚಿಗೆ ಸರಿದರು. ಹುಡುಗಿಯರಲ್ಲಿ ಬಹುಮಂದಿ ಜಗಲಿಯ ಮೆಟ್ಟಿಲುಗಳ ಮೇಲೆ ಕುಳಿತು ಒಬ್ಬರ ಜಡೆಯನ್ನು ಒಬ್ಬರು ಹೆಣೆಯುತ್ತಿದ್ದರು. ಕಂಬವೊಂದನ್ನು ತಬ್ಬಿಕೊಂಡು ನಿಂತಿದ್ದ ಆರೇಳು ವರುಷದ ಹುಡುಗಿಯೊಬ್ಬಳು, ಗಂಟೆ ಬಡಿಯುವವರೆಗೂ ಹಾಗೆಯೇ ನಿಂತಿದ್ದು, ಗಂಟೆ ಬಡಿದ ಕೂಡಲೆ ಎಲ್ಲರಿಗಿಂತ ಮೊದಲು ಒಳಕ್ಕೆ ಹೋದಳು. ಅವಳ ಮಟ್ಟಿಗೆ ಬಿಡುವು ಬಿಡುವಾಗಿರಲಿಲ್ಲ. ಮುಗಿದರೆ ಸಾಕೆನಿಸುವ ಹೊತ್ತಾಗಿದ್ದಿತು.

ಆ ಶಾಲೆಯಲ್ಲಿ ಬಯಲಿದ್ದಿತು, ಮರಗಳಿದ್ದುವು, ದಯಾವಂತರಾದ ಉಪಾಧ್ಯಾಯರಿದ್ದರು. ಇಲ್ಲದಿದ್ದುದು ಒಂದೇ: ಈ ಹೊತ್ತಿನ ಬಗ್ಗೆ ಯಾರೂ ಕುಳಿತು ಯೋಚಿಸಿರಲಿಲ್ಲ. ಪಾಠಕ್ಕೆ ಕೊಡುವ ಆಲೋಚನೆಯಲ್ಲಿ ಹತ್ತರಲ್ಲೊಂದು ಪಾಲನ್ನು ಬಿಡುವಿಗೆ ಕೊಟ್ಟರೂ ಬಯಲಿನ ರೂಪವೇ ಬದಲಾಗುವುದೆಂಬುದು ನಮ್ಮ ನಂಬಿಕೆ. ಅದಕ್ಕೆ ಹಣಕ್ಕಿಂತ ಮೊದಲು ಬೇಕಾದುದು ಏನೆಂಬುದನ್ನು ಈಗ ಹೇಳುವೆವು.

ಮೊದಲು ಕಾಲದ ವಿಚಾರ. ನೀರು ಕುಡಿಯುವುದು, ಶೌಚಕ್ಕೆ ಹೋಗುವುದು, ಉಣ್ಣುವುದು, ಆಡುವುದು, ಇವೆಲ್ಲವನ್ನೂ ಒಂದೇ ಬಿಡುವಿನಲ್ಲಿ ತುರುಕಿದರೆ ಸೋಲುವುದು ಆಟವೇ. ಆದುದರಿಂದ ನಲ್ಲಿಗಳನ್ನು ಹೆಚ್ಚಿಸುವುದೂ, ಶೌಚಗೃಹಗಳನ್ನು ಚೊಕ್ಕಟವಾಗಿ ಇರಿಸುವುದೂ ಆಟದ ಸುಧಾರಣೆಯೇ ಎಂದು ತಿಳಿಯಬೇಕು. ಉದ್ದನೆಯ ಒಂದು ಕೊಳವೆಗೆ ಐದಾರು ನಲ್ಲಿಗಳನ್ನು ಹಾಕಿಸಿದರೆ ಉಳಿಯುವ ಹತ್ತು ನಿಮಿಷಗಳು ದಿನವೂ ಉಳಿಯುವುವು. ಶೌಚಗೃಹವು ಕೊಳಕಾಗಿರುವ ಶಾಲೆಯಲ್ಲಿ ಹುಡುಗಿಯರು ನೀರನ್ನೇ ಕುಡಿಯದೆ, ಹೆಚ್ಚು ಓಡಾಡದೆ ದಿನವನ್ನು ಕಳೆಯುವರೆಂಬುದು ತಾಯಂದಿರಿಗೆ ಗೊತ್ತಿರುವ ಸಂಗತಿಯೇ. ಊಟಕ್ಕೆ ಮೊದಲು ಆಟವನ್ನಿಟ್ಟು ನೋಡುವುದೂ ಒಳ್ಳೆಯದು. ಆಡಿ ಹಸಿದು ಬಂದ ಮಗುವು ನಿಧಾನವಾಗಿ ಕುಳಿತು ಉಣ್ಣುವುದು. ಉಂಡೊಡನೆ ಓಡುವ ಕಷ್ಟವೂ ತಪ್ಪುವುದು. ಮಧ್ಯಾಹ್ನದ ಬಿಸಿಲು ಉರಿಯುವ ಸೀಮೆಗಳಲ್ಲಿ ಬೆಳಗಿನ ಬಿಡುವನ್ನೇ ಆಟಕ್ಕಾಗಿ ಉದ್ದಮಾಡುವುದು ಯುಕ್ತ.

ಎರಡನೆಯದು ನೆಲದ ವಿಚಾರ. ಬಯಲನ್ನು ಹಂಚದಿದ್ದರೆ ಬಲವಂತನ ಪಾಲಾಗುವುದು ನಿಶ್ಚಯ. ಬ್ಯಾಟು ಚೆಂಡಿನ ಆಟಕ್ಕೆ ಒಂದು ಮಗ್ಗುಲನ್ನು ಗೊತ್ತುಮಾಡಿ, ವಾರದಲ್ಲಿ ಕೆಲವು ದಿನಗಳು ಮಾತ್ರ ಅದಕ್ಕೆ ಅವಕಾಶ ಕೊಟ್ಟು, ಉಳಿದ ದಿನಗಳಲ್ಲಿ ಅದೇ ನೆಲವನ್ನು ಖೋ ಖೋ, ಕಬಡ್ಡಿ, ಲಗೋರಿಗಳಿಗೆ ಬಿಡಬಹುದು. ಈ ಆಟಗಳಿಗೆ ಬೇಕಾಗುವ ನೆಲವು ಕಡಮೆ, ಆಡುವವರ ಸಂಖ್ಯೆಯು ಹೆಚ್ಚು. ಖೋ ಖೋ ಆಟಕ್ಕೆ ಎರಡು ಕಂಬಗಳೂ ಸುಣ್ಣದ ಗೆರೆಗಳೂ ಸಾಕು. ಗೋಡೆಯ ಬದಿಯಲ್ಲಿ ಕುಂಟಾಬಿಲ್ಲೆಯ ಮನೆಗಳನ್ನು ಸುಣ್ಣದಿಂದ ಬರೆದಿಟ್ಟರೆ, ಯಾರೂ ಕರೆಯದಿದ್ದರೂ ಮಕ್ಕಳು ಅಲ್ಲಿ ಕುಂಟತೊಡಗುವರು. ಜಗಲಿಯ ಅಂಚಿನಲ್ಲಿ ಚೌಕಾಬಾರದ ಮನೆಗಳನ್ನು ಬಿಡಿಸಿ, ಅಳಗುಳಿ ಮಣೆಯೊಂದನ್ನಿಟ್ಟರೆ, ಕಾಲಿನ ತೊಂದರೆಯುಳ್ಳ ಮಗುವಿಗೂ, ಅಂದು ಮೈ ಸರಿಯಿಲ್ಲದ ಮಗುವಿಗೂ ಜೊತೆ ದೊರೆಯುವುದು. ಹುಡುಗಿಯರಿಗೆ ಆಟವು ಬೇಡವೆಂದು ಎಣಿಸುವುದು ತಪ್ಪು. ಅವರಿಗೆಂದು ನೆಲವನ್ನು ಬಿಟ್ಟು ನೋಡಿ. ಜಡೆ ಹೆಣೆಯುವ ಕೈಗಳು ಎಷ್ಟು ಬೇಗ ಲಗೋರಿಯ ಕಲ್ಲುಗಳನ್ನು ಪೇರಿಸುವುವೆಂಬುದು ತಾನೇ ತಿಳಿಯುವುದು.

ಮೂರನೆಯದು ಆಟದ ಸಾಮಾನು. ದಾನಿಗಳು ಶಾಲೆಗೆ ಏನಾದರೂ ಕೊಡಬೇಕೆಂದಾಗ ಕಬ್ಬಿಣದ ಜಾರುಬಂಡೆಯನ್ನೋ ಉಯ್ಯಾಲೆಯನ್ನೋ ಕೊಡಿಸುವರು. ಅವು ಒಳ್ಳೆಯವೇ, ಆದರೆ ನೂರು ಮಕ್ಕಳಿಗೆ ಒಂದು ಉಯ್ಯಾಲೆಯೆಂದರೆ ಅಲ್ಲಿಯೂ ಒಂದು ಸಾಲು. ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೋರೆನ್‌ಸೆನ್ ಎಂಬವರು, ಮಕ್ಕಳು ತಮಗಾಗಿ ಕಟ್ಟಿಸಿದ ಅಂದದ ಕ್ರೀಡಾಂಗಣಗಳನ್ನು ಬಿಟ್ಟು ಮನೆ ಕಟ್ಟುವ ಸ್ಥಳಗಳಲ್ಲಿ ಹಲಗೆ ಇಟ್ಟಿಗೆಗಳೊಡನೆ ಆಡುವುದನ್ನು ಗಮನಿಸಿದರು. ಅವರ ಆಲೋಚನೆಯಂತೆ 1943ರಲ್ಲಿ, ದೇಶವು ಪರರ ಸೇನೆಯ ಕೈಕೆಳಗಿದ್ದ ಕಾಲದಲ್ಲಿಯೇ, ಕೋಪನ್‌ಹೇಗನ್ನಿನ ಎಮ್‌ಡ್ರುಪ್ ಎಂಬಲ್ಲಿ ಹಳೆಯ ಸಾಮಾನುಗಳಿಂದಲೇ ತುಂಬಿದ ಆಟದ ಬಯಲೊಂದು ಹುಟ್ಟಿತು. ಹತ್ತಿರದ ಕಾಲದಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ಇದನ್ನೇ ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಹಳೆಯ ಟೈರುಗಳು, ಹಾಲಿನ ಪೆಟ್ಟಿಗೆಗಳು ಮುಂತಾದ, ಇದಕ್ಕೇ ಎಂದು ಗೊತ್ತಾದ ಉಪಯೋಗವಿಲ್ಲದ ವಸ್ತುಗಳನ್ನು ಬಯಲಿನಲ್ಲಿ ಇರಿಸಿದಾಗ, ಮಕ್ಕಳು ಸುಮ್ಮನೆ ಕೂರುವುದು ತಗ್ಗಿ ಓಡಾಟವು ಹೆಚ್ಚಿತು. ಹೆಚ್ಚಳವು ದೊಡ್ಡದಲ್ಲವಾದರೂ ಖರ್ಚು ಅದಕ್ಕಿಂತಲೂ ಚಿಕ್ಕದು.

ನಮ್ಮ ನಾಡಿನಲ್ಲಿ ಇಂತಹ ಸಾಮಾನಿಗೆ ಕೊರತೆಯೇನು? ಗೋಣಿಚೀಲ, ಹಗ್ಗ, ಬಿದಿರಿನ ತುಂಡು, ತೆಂಗಿನ ಕರಟ, ಹಳೆಯ ಟೈರು ಎಲ್ಲೆಲ್ಲಿಯೂ ದೊರೆಯುವುವು. ಮಲೆನಾಡಿನ ಮಕ್ಕಳಿಗೆ ಅಡಕೆಯ ಹಾಳೆಯೊಂದು ಸಿಕ್ಕಿದರೆ ಒಬ್ಬನು ಕೂರುವನು, ಇನ್ನೊಬ್ಬನು ಎಳೆಯುವನು. ಅದೇ ಅವರ ತೇರು, ಅದೇ ಬಂಡಿ. ಮೊಳೆ, ಮುರಿದ ಗಾಜು, ಹರಿತವಾದ ತಗಡುಗಳನ್ನು ಆರಿಸಿ ತೆಗೆದು, ಟೈರುಗಳಲ್ಲಿ ಮಳೆನೀರು ನಿಂತು ಸೊಳ್ಳೆಯಾಗದಂತೆ ತೂತು ಕೊರೆದು, ಸಾಮಾನನ್ನೆಲ್ಲ ಒಂದು ಪೆಟ್ಟಿಗೆಯಲ್ಲೋ ಮೂಲೆಯಲ್ಲೋ ಇರಿಸಿದರೆ ಆಯಿತು. ಹೊರಕ್ಕೆ ತರುವ, ಮರಳಿ ಇಡುವ ಕೆಲಸವನ್ನು ಹಿರಿಯ ಮಕ್ಕಳಿಗೆ ಸರದಿಯಂತೆ ಒಪ್ಪಿಸಬಹುದು.

ಇಲ್ಲಿ ತಂದೆತಾಯಿಗಳು, “ಬಿದ್ದರೆ ಗತಿಯೇನು?” ಎಂದು ಕೇಳುವರು. ಕೇಳುವುದು ನ್ಯಾಯವೇ. ಬೀಳುವುದರಲ್ಲಿ ಎರಡು ಬಗೆಯುಂಟು. ಓಡುವಾಗ ಮುಗ್ಗರಿಸಿ ಮೊಣಕಾಲು ತರಚಿಕೊಳ್ಳುವುದು ಬಾಲ್ಯದ ಭಾಗ. ಅದರಿಂದ ಮಗುವು ತನ್ನ ಅಳವನ್ನು ಅರಿಯುವುದು. ಎತ್ತರದಿಂದ ಗಟ್ಟಿ ನೆಲದ ಮೇಲೆ ತಲೆ ಕೆಳಗಾಗಿ ಬೀಳುವುದು ಬೇರೆ. ಅದನ್ನು ತಪ್ಪಿಸುವುದು ಹಿರಿಯರ ಹೊಣೆ. ಉಯ್ಯಾಲೆ, ಜಾರುಬಂಡೆ, ಏರುಗಂಬಿಗಳ ಕೆಳಗೆ ಎಂದೂ ಸಿಮೆಂಟು ನೆಲವಿರಕೂಡದು. ಸುಮಾರು ಒಂದು ಅಡಿಯಷ್ಟು ಸಡಿಲವಾದ ಮರಳನ್ನು ತುಂಬಿಸಿ, ಅದು ಗಟ್ಟಿಯಾಗದಂತೆ ಆಗಾಗ್ಗೆ ಕೆದಕಿಸಬೇಕು. ಕಬ್ಬಿಣದ ಜಾರುಬಂಡೆಯು ಬೇಸಗೆಯ ಬಿಸಿಲಿಗೆ ಕಾದ ಹೆಂಚಿನಂತಾಗುವುದರಿಂದ ಅದನ್ನು ಮರದ ನೆರಳಿನಲ್ಲಿಯೇ ನಿಲ್ಲಿಸಬೇಕು. ಹೊಂಗೆಯು ಯುಗಾದಿಯ ಹೊತ್ತಿಗೆ ಹೊಸ ಎಲೆ ತಳೆದು, ನೆರಳು ಬೇಕಾದಾಗಲೇ ನೆರಳು ಕೊಡುವ ಮರ. ಶಾಲೆಯ ಬಯಲಿನ ಸುತ್ತಲೂ ನೆಡಲು ಅದಕ್ಕಿಂತ ಉತ್ತಮವಾದುದು ಕಡಮೆ.

ನಾಲ್ಕನೆಯದು, ಎಲ್ಲಕ್ಕೂ ಮಿಗಿಲಾದುದು, ಬಯಲಿನಲ್ಲಿ ಒಬ್ಬ ಹಿರಿಯರಿರುವುದು. ಅವರು ಅಪ್ಪಣೆ ಮಾಡಲು ನಿಂತವರಲ್ಲ, ನೋಡಲು ನಿಂತವರು. ಸಾಲಾಗಿ ನಿಲ್ಲಿಸಿ, ಸೀಟಿ ಊದಿ, ಕೈಯೆತ್ತಿಸಿ ಇಳಿಸುವುದು ವ್ಯಾಯಾಮವಾದೀತು. ಅದಕ್ಕೆ ಬೇರೆ ಗಂಟೆಯಿರಲಿ. ಆಟವೆಂಬುದು ಮಕ್ಕಳು ತಾವೇ ಗೊತ್ತುಮಾಡಿಕೊಂಡು, ತಾವೇ ಜಗಳವಾಡಿ, ತಾವೇ ರಾಜಿಯಾಗುವ ವ್ಯವಹಾರ. ಸಣ್ಣ ಜಗಳದಲ್ಲಿ ಹಿರಿಯರು ಕೈಹಾಕದಿರುವುದೇ ಲೇಸು. ಆದರೆ ಕಂಬವನ್ನು ತಬ್ಬಿ ನಿಂತಿರುವ ಮಗುವು ಅವರ ಕಣ್ಣಿಗೆ ಬೀಳಬೇಕು; ಒಂದೇ ಹುಡುಗನು ಪ್ರತಿದಿನವೂ ಹೊರದಬ್ಬಲ್ಪಡುತ್ತಿದ್ದರೆ ಅದು ತಿಳಿಯಬೇಕು. ಅಂತಹ ಮಗುವನ್ನು “ಹೋಗಿ ಆಡು” ಎಂದು ಗದರಿಸುವುದರಿಂದ ಪ್ರಯೋಜನವಿಲ್ಲ. ಐದನೆಯ ತರಗತಿಯ ಸೌಮ್ಯಳಾದ ಒಬ್ಬ ಹುಡುಗಿಯನ್ನು ಕರೆದು, “ಇವಳಿಗೆ ಕೆರೆ ದಡ ಆಡುವುದನ್ನು ಹೇಳಿಕೊಡಮ್ಮಾ” ಎಂದರೆ ಕೆಲಸವಾಗುವುದು.

ನ್ಯೂಜಿಲೆಂಡಿನ ಹದಿನಾರು ಶಾಲೆಗಳಲ್ಲಿ ನಡೆದ ಪ್ರಯೋಗವೊಂದರ ವರದಿಯು 2017ರಲ್ಲಿ ಹೊರಬಂದಿತು. ಕೆಲವು ಶಾಲೆಗಳಲ್ಲಿ ಬಯಲನ್ನು ವೈವಿಧ್ಯವುಳ್ಳದ್ದಾಗಿ ಮಾಡಿ, ಮಕ್ಕಳಿಗೆ ಹೆಚ್ಚಿನ ಸ್ವಾತಂತ್ರ್ಯವನ್ನು ಕೊಟ್ಟರು. ಅಲ್ಲಿ ಮಕ್ಕಳ ನಡುವಿನ ತಳ್ಳಾಟವು ಸ್ವಲ್ಪ ಹೆಚ್ಚಿತೆಂದು ಮಕ್ಕಳೇ ಹೇಳಿದರು. ಆದರೂ ಪೀಡೆಯೆಂದು ಉಪಾಧ್ಯಾಯರಲ್ಲಿ ದೂರು ಹೇಳಿದವರು ಕಡಮೆಯಾಗಿದ್ದರು. ಶಾಲೆಯಲ್ಲಿ ಸಂತೋಷವಾಗಿರುವೆವೆಂದೂ, ಹೆಚ್ಚು ಮಂದಿಯೊಡನೆ ಆಡುವೆವೆಂದೂ ಹೇಳಿದವರು ಹೆಚ್ಚಾಗಿದ್ದರು. ಸ್ವಲ್ಪ ನೂಕುನುಗ್ಗಲನ್ನು ಸಹಿಸಿಕೊಳ್ಳುವ ಹಿರಿಯರಿದ್ದಲ್ಲಿ ಮಕ್ಕಳು ತಮ್ಮ ನ್ಯಾಯವನ್ನು ತಾವೇ ತೀರಿಸಿಕೊಳ್ಳಲು ಕಲಿಯುವರೆಂದು ಇದರಿಂದ ನಮಗೆ ತೋರುವುದು.

ಇವೆಲ್ಲವೂ ಪರದೇಶದ ಮಾತುಗಳೆಂದು ಯಾರೂ ತಿಳಿಯದಿರಲಿ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ ಗಿಜುಭಾಯಿ ಬಧೇಕಾ ಅವರು ಆಟವನ್ನು ಶಿಕ್ಷಣದಿಂದ ಬೇರೆಯೆಂದು ಎಣಿಸಲಿಲ್ಲ. ನಮ್ಮ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಆಟ, ಕುಣಿತ, ನಾಟಕಗಳಿಗಾಗಿ ಪಟ್ಟ ಶ್ರಮವನ್ನು ಕನ್ನಡಿಗರು ಬಲ್ಲರು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿಶ್ರಾಂತಿಯನ್ನೂ ಆಟವನ್ನೂ ಮಗುವಿನ ಹಕ್ಕೆಂದು ಹೇಳುವುದು. 1992ರಲ್ಲಿ ಭಾರತವೂ ಆ ಒಡಂಬಡಿಕೆಗೆ ಸೇರಿತು. ಸಂಸತ್ತು 2009ರಲ್ಲಿ ಅಂಗೀಕರಿಸಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ, ಶಾಲೆಗೆ ಆಟದ ಬಯಲಿರಬೇಕೆಂದೂ, ಪ್ರತಿಯೊಂದು ತರಗತಿಗೂ ಬೇಕಾದಷ್ಟು ಆಟದ ಸಾಮಾನುಗಳಿರಬೇಕೆಂದೂ ವಿಧಿಸಿದೆ. ಆದುದರಿಂದ ಶಾಲೆಯ ಬಯಲನ್ನು ಕೇಳುವ ಗೃಹಸ್ಥನು ದಯೆಯನ್ನು ಬೇಡುವವನಲ್ಲ.

ನಗರಗಳಲ್ಲಿ ಎಷ್ಟೋ ಶಾಲೆಗಳಿಗೆ ಬಯಲೇ ಇಲ್ಲವೆಂಬುದು ನಿಜ. ಅಲ್ಲಿ ತರಗತಿಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಬಿಡುವು ಕೊಟ್ಟರೆ ಇರುವ ಅಂಗಳವೇ ಎರಡರಷ್ಟಾಗುವುದು. ಹತ್ತಿರದ ಉದ್ಯಾನಕ್ಕೆ ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದೊಯ್ಯಬಹುದು. ಶಾಲೆಯೊಳಗೆ ನಿಲ್ಲಿಸುವ ವಾಹನಗಳನ್ನು ಹೊರಗಿರಿಸಿದರೇ ಕೆಲವೆಡೆ ಒಂದು ಕಬಡ್ಡಿಯ ಅಂಕಣವು ಬಿಡುವಾಗುವುದು. ಕರಾವಳಿ ಮಲೆನಾಡುಗಳಲ್ಲಿ ಜೂನಿನಿಂದ ತಿಂಗಳುಗಟ್ಟಲೆ ಸುರಿಯುವ ಮಳೆಯ ಕಾಲಕ್ಕೆ ಉದ್ದನೆಯ ಜಗಲಿಯೇ ಆಟದ ಬಯಲು. ಹೊಳವಾದ ಅರ್ಧ ಗಂಟೆಯನ್ನು ಕಂಡರೆ, ವೇಳಾಪಟ್ಟಿಯನ್ನು ಬದಿಗಿರಿಸಿ ಮಕ್ಕಳನ್ನು ಹೊರಕ್ಕೆ ಬಿಡುವ ಮನಸ್ಸು ಉಪಾಧ್ಯಾಯರಿಗಿರಬೇಕು.

ಮನೆಯವರ ಪಾಲೂ ಇದರಲ್ಲಿ ಸಣ್ಣದಲ್ಲ. ಮಣ್ಣಾದ ಅಂಗಿಯೊಡನೆ ಬಂದ ಮಗುವನ್ನು ಬಾಗಿಲಲ್ಲಿಯೇ ಗದರಿಸುವ ತಾಯಿಯು, ನಾಳೆ ಗೋಡೆಗೆ ಒರಗಿ ನಿಲ್ಲೆಂದು ಅದಕ್ಕೆ ಕಲಿಸಿದಂತೆ. ತರಚಿದ ಮೊಣಕಾಲಿಗಾಗಿ ಶಾಲೆಯ ಮೇಲೆ ಜಗಳಕ್ಕೆ ಹೋಗುವ ತಂದೆಯು, ಎಲ್ಲ ಮಕ್ಕಳ ಆಟಕ್ಕೂ ಬೀಗ ಹಾಕಿಸುವನು; ಏಕೆಂದರೆ ಅಂತಹ ಒಂದು ಜಗಳವಾದ ಮೇಲೆ ಯಾವ ಮುಖ್ಯೋಪಾಧ್ಯಾಯರಿಗೂ ಮಕ್ಕಳನ್ನು ಧೈರ್ಯವಾಗಿ ಬಿಡಲು ಮನಸ್ಸಾಗದು. ಸಿಡ್ನಿಯ ಪ್ರಯೋಗದಲ್ಲಿಯೂ ಬಯಲಿಗೆ ಸಾಮಾನು ತಂದುದಲ್ಲದೆ, ತಂದೆತಾಯಿಗಳನ್ನೂ ಉಪಾಧ್ಯಾಯರನ್ನೂ ಒಟ್ಟಿಗೆ ಕೂರಿಸಿ ಈ ಭಯವನ್ನು ಕುರಿತು ಮಾತನಾಡಿಸಿದರು. ನಮ್ಮ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಸಮಿತಿಯುಂಟು, ಪೋಷಕರ ಸಭೆಯುಂಟು. ಕಟ್ಟಡ, ಬಿಸಿಯೂಟ, ಪರೀಕ್ಷೆಗಳ ಮಾತು ಮುಗಿದ ಮೇಲೆ, “ಬಿಡುವಿನಲ್ಲಿ ಮಕ್ಕಳು ಎಲ್ಲಿ, ಏನು ಆಡುತ್ತಿರುವರು?” ಎಂದು ಒಬ್ಬರು ಕೇಳಿದರೂ ಸಾಕು. ಸಾಧ್ಯವಾದವರು ನಾವು ಮಾಡಿದಂತೆ ಒಂದು ದಿನ ಅಪ್ಪಣೆ ಪಡೆದು ಜಗಲಿಯಲ್ಲಿ ಕುಳಿತು ನೋಡಬೇಕು. ಆ ಅರ್ಧ ಗಂಟೆಯು ಕಲಿಸುವಷ್ಟನ್ನು ಇಂತಹ ಹತ್ತು ಲೇಖನಗಳು ಕಲಿಸಲಾರವು.

ಇನ್ನು, ಕಾಗದ ಬರೆದ ತಾಯಿಯವರಿಗೆ ನಮ್ಮ ಉತ್ತರ. ತಾಯೀ, ನೀವು ಉಪಾಧ್ಯಾಯಿನಿಯವರಲ್ಲಿಗೆ ದೂರು ಹೊತ್ತು ಹೋಗಬೇಡಿ. ಮನೆಯ ಹಿರಿಯರೊಡನೆ ಮಾತನಾಡುವಂತೆ ಹೋಗಿ. ಮಗ್ಗಿಯು ಬರಬೇಕೆಂಬುದರಲ್ಲಿ ನಿಮಗೂ ಅವರಿಗೂ ಭಿನ್ನಾಭಿಪ್ರಾಯವಿಲ್ಲವೆಂದು ಮೊದಲು ತಿಳಿಸಿರಿ. ಎರಡು ವಾರ ಒಳಗೆ ಕೂರಿಸಿದರೂ ಏಳರ ಮಗ್ಗಿಯು ಬಾರದುದನ್ನು ಅವರೂ ಕಂಡಿರುವರು. ಈ ಮದ್ದು ಈ ರೋಗಕ್ಕಲ್ಲವೆಂದು ಅಷ್ಟರಿಂದಲೇ ತಿಳಿಯಬಹುದು. ಮಗ್ಗಿಯ ಹೊಣೆಯನ್ನು ನೀವು ವಹಿಸಿಕೊಳ್ಳಿ. ರಾತ್ರಿ ಅಡಿಗೆಯ ಹೊತ್ತಿನಲ್ಲಿ ಹತ್ತು ನಿಮಿಷ ಹುಣಿಸೆಯ ಬೀಜಗಳನ್ನು ಏಳೇಳಾಗಿ ಗುಂಪು ಮಾಡಿಸಿ ಎಣಿಸಿರಿ. ಬಿಡುವಿನ ಹೊಣೆಯನ್ನು ಅವರು ವಹಿಸಿಕೊಳ್ಳಲೆಂದು ಬೇಡಿಕೊಳ್ಳಿ. ಒಂದು ತಿಂಗಳ ಮಟ್ಟಿಗೆ ಹೀಗೆ ನಡೆಸಿ ನೋಡೋಣವೆಂದರೆ ಮಕ್ಕಳ ಹಿತವನ್ನು ಬಯಸುವ ಯಾವ ಉಪಾಧ್ಯಾಯಿನಿಯೂ ಬೇಡವೆನ್ನರೆಂದು ನಮಗೆ ಭರವಸೆಯುಂಟು.

ನಿಮ್ಮ ಹುಡುಗನು ಮೊದಲ ದಿನ ಬಯಲಿನಿಂದ ಬಂದಾಗ ಅಂಗಿ ಮಣ್ಣಾಗಿದ್ದರೆ ಏನನ್ನೂ ಹೇಳಬೇಡಿ. ಕಾಲು ತೊಳೆದು ಬಾ ಎಂದು ಒಳಕ್ಕೆ ಕರೆದು, ತಿಂಡಿ ಕೊಟ್ಟು, ಇಂದು ಏನು ಆಡಿದೆಯೆಂದು ಕೇಳಿರಿ. ಅವನು ಹೇಳಿದುದನ್ನು ನಮಗೂ ಒಂದು ಕಾಗದದಲ್ಲಿ ಬರೆದು ತಿಳಿಸಿದರೆ ಸಂತೋಷಪಡುವೆವು.